ವಾಮನರಾಯರಿಗೆ ಒಂದು ಲೋಟ ಚಾಕೊಲೇಟು

ವಾಮನರಾಯರು ಆಟೋದಿಂದ ಇಳಿಯುವುದನ್ನು ಮೊದಲು ಕಂಡವಳು ಜಲಜಾಕ್ಷಿ.

ಅವಳು ಆಶ್ರಮದ ಅಂಗಳದಲ್ಲಿ ಕೊಕ್ಕೋ ಬೀಜ ಒಣಗಲು ಹರಡುತ್ತಿದ್ದಳು. ಬೆಳಗಿನ ಎಳೆಬಿಸಿಲು. ಕೆಳಗೆ ಹೊಳೆ.

ಇಳಿದ ಮನುಷ್ಯ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಪತ್ರಿಕೆಯಲ್ಲಿ ಅವರ ಅಂಕಣದ ಮೇಲೆ ಅಚ್ಚಾಗುವ ಫೋಟೋದ ಅರ್ಧದಷ್ಟೂ ಇರಲಿಲ್ಲ. ಆದರೂ ಅವಳಿಗೆ ಗುರುತು ಹತ್ತಿತು. ಮೂರು ವಾರದಿಂದ ಆ ಮುಖ ಅವಳ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

ಅವಳು ಏಳಲಿಲ್ಲ. ಬನ್ನಿ ಎನ್ನಲಿಲ್ಲ.

"ಅಮ್ಮ ಇದ್ದಾರಾ?" ಎಂದು ಅವರು ಕೇಳಿದರು. ಸ್ವರವೆಂದರೆ ಬರೀ ಗಾಳಿ.

ಅವಳು ಜಗಲಿಯ ಕಡೆ ಕೈ ತೋರಿಸಿದಳು, ಅಷ್ಟೆ.

ಆಶ್ರಮವೆಂದರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಹಂಚಿನ ಎರಡು ಮನೆ, ತೆಂಗಿನ ನೆರಳಿನಲ್ಲಿ ಒಂದಷ್ಟು ಕೊಕ್ಕೋ ಗಿಡ, ಏಳೆಂಟು ಹೆಂಗಸರು. ಅವರ ಗುರು ಶಾಂಭವಿ ಅಮ್ಮ. ಕಾವಿ ಉಡುವ ಮೊದಲು ಪಾಂಡಿಚೇರಿಯ ಒಂದು ಫ್ರೆಂಚ್ ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವರು. ಬಿಸಿ ಚಾಕೊಲೇಟು ಮಾಡುವುದನ್ನು ಅಲ್ಲಿಂದ ಕಲಿತು ಬಂದಿದ್ದರು. ಚಮಚದಿಂದ ಎತ್ತಿದರೆ ರೇಷ್ಮೆಯ ಎಳೆಯ ಹಾಗೆ ಇಳಿಯುವಷ್ಟು ಗಟ್ಟಿ.

ಮನೆ ಬಿಟ್ಟು ಬಂದ ಯಾವ ಹೆಂಗಸೂ ಅಲ್ಲಿ ಮೊದಲ ದಿನ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿರಲಿಲ್ಲ. ಒಂದು ಲೋಟ ಚಾಕೊಲೇಟು ಕುಡಿದು ಮಲಗಿದರೆ ಸಾಕಿತ್ತು.

ವಾಮನರಾಯರು ಬರೆದದ್ದು ಅದರ ಬಗ್ಗೆಯೇ. 'ಹೊರಗೆ ಕಾವಿ, ಒಳಗೆ ಕೊಕ್ಕೋ' ಎಂದು ತಲೆಬರಹ. ಹೊಳೆದಂಡೆಯ ಆ ಆಶ್ರಮದಲ್ಲಿ ಎಲ್ಲವೂ ತೋರಿಕೆ, ನೋಡಲು ಒಂದು, ಒಳಗೆ ಇನ್ನೊಂದು ಎಂದು ಬರೆದಿದ್ದರು. ಒಂದು ದಿನವೂ ಅಲ್ಲಿಗೆ ಬಂದು ನೋಡಿದವರಲ್ಲ.

ಲೇಖನ ಬಂದ ಎರಡನೇ ದಿನ ಸುಮನಾಳ ಅಣ್ಣ ಆ ಪತ್ರಿಕೆ ಹಿಡಿದುಕೊಂಡು ಬಂದ. ಸುಮನಾ ಈಗಲೇ ಮದುವೆ ಬೇಡ, ನರ್ಸಿಂಗ್ ಓದು ಮುಗಿಸಬೇಕು ಎಂದು ಮನೆ ಬಿಟ್ಟು ಬಂದಿದ್ದ ಹುಡುಗಿ. ಜಲಜಾಕ್ಷಿಯ ಕೋಣೆಯಲ್ಲೇ ಮಲಗುತ್ತಿದ್ದಳು. ಅಣ್ಣ ಅಂಗಳದಲ್ಲಿ ನಿಂತು ಲೇಖನವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಓದಿ ಮುಗಿಸಿ ತಂಗಿಯ ತೋಳು ಹಿಡಿದು ಎಳೆದುಕೊಂಡು ಹೋದ.

ಅಮ್ಮ ಎರಡು ಸಲ ಆ ಮನೆಗೆ ಹೋಗಿ ಬಂದರು. ಜಲಜಾಕ್ಷಿ ಒಮ್ಮೆ ಹೋದಳು. ಬಾಗಿಲು ತೆರೆಯಲಿಲ್ಲ.

ನಾಳೆ ಸುಮನಾಳ ಕೊನೆಯ ವರ್ಷದ ಪರೀಕ್ಷೆ ಶುರು. ಕಳಿಸುವುದಿಲ್ಲವೆಂದು ಅಣ್ಣ ಹೇಳಿದ್ದಾನಂತೆ. ಅವಳ ಗೆಳತಿ ನಿನ್ನೆ ಫೋನ್ ಮಾಡಿ ತಿಳಿಸಿದ್ದಳು.

ಈಗ ನೋಡಿದರೆ, ಬರೆದ ಮನುಷ್ಯ ಜಗಲಿಯಲ್ಲಿ ಕೂತಿದ್ದಾರೆ.

ಅಮ್ಮ ಅಡುಗೆಮನೆಗೆ ಬಂದರು. ಜಲಜಾಕ್ಷಿ ಹಿಂದೆಯೇ ಬಂದಳು.

"ಜಲಜಾ, ಒಂದು ಲೋಟ ಚಾಕೊಲೇಟು ಮಾಡು. ಗಂಟಲಿನ ಕಾಯಿಲೆಯಂತೆ. ಗಂಜಿ ಸಹ ಇಳಿಯುವುದಿಲ್ಲವಂತೆ. ನಮ್ಮದು ಇಳಿಯಬಹುದು ಅಂತ ಯಾರೋ ಹೇಳಿ ಕಳಿಸಿದ್ದಾರೆ."

"ಅವರು ಯಾರು ಅಂತ ಗೊತ್ತುಂಟಾ ಅಮ್ಮ?"

"ಗೊತ್ತುಂಟು."

"ಎಂತ ಬರೆದಿದ್ದಾರೆ ಅಂತ ಗೊತ್ತುಂಟಾ?"

"ನೀನೇ ಅಲ್ವಾ ಓದಿ ಹೇಳಿದ್ದು."

"ಆದರೂ ಮಾಡಬೇಕಾ?"

"ನಿನ್ನೆಯ ಹಾಲು ಬೇಡ. ಇವತ್ತಿನದ್ದು ತೆಗೆದುಕೋ."

ಜಲಜಾಕ್ಷಿ ಅಲುಗಾಡಲಿಲ್ಲ. "ನಾನು ಮಾಡುವುದಿಲ್ಲ. ಬೇರೆ ಯಾರಿಗೆ ಬೇಕಾದರೂ ಮಾಡ್ತೇನೆ, ಇವರಿಗೆ ಇಲ್ಲ."

"ಸರಿ" ಎಂದರು ಅಮ್ಮ. ಒಲೆಯ ಮುಂದೆ ಕೂತು ಕಡೆಗೋಲಿಗೆ ಕೈ ಹಾಕಿದರು. ಅವರ ಬೆರಳ ಗಂಟುಗಳು ಬಾತುಕೊಂಡು ವರ್ಷವಾಗಿತ್ತು. ಕಡೆಗೋಲು ಎರಡು ಸಲ ಕೈಯಿಂದ ಜಾರಿತು.

ಜಲಜಾಕ್ಷಿ ಅದನ್ನು ಕಿತ್ತುಕೊಂಡಳು.

"ನೀವು ಹೊರಗೆ ಕೂತಿರಿ. ನಾನೇ ಮಾಡ್ತೇನೆ."

ಅಮ್ಮ ಹೋದ ಮೇಲೆ ಅವಳು ಪಾತ್ರೆಗೆ ಅರ್ಧ ಹಾಲು, ಅರ್ಧ ನೀರು ಹೊಯ್ದಳು. ವಾರಗಟ್ಟಲೆ ಅರೆದು ಅಚ್ಚು ಮಾಡಿಟ್ಟ ಚಾಕೊಲೇಟಿನ ಡಬ್ಬಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಅರೆಯುವ ಕಲ್ಲಿಗೆ ಅಂಟಿದ್ದ ಹುಡಿಯನ್ನು ಕೆರೆದು ಹಾಕಿದಳು. ಬಣ್ಣಕ್ಕೆ ಒಂದು ತುಂಡು ಕಪ್ಪು ಬೆಲ್ಲ. ದಪ್ಪವಾಗಲಿ ಎಂದು ಎರಡು ಚಮಚ ಕೂವೆಗಡ್ಡೆಯ ಹುಡಿ.

ಕುದಿ ಬಂದದ್ದೇ ಗಟ್ಟಿಯಾಯಿತು. ಹೊಳಪೂ ಬಂತು. ನೋಡಿದರೆ ಯಾರೂ ಬೇರೆ ಅನ್ನುವಂತಿರಲಿಲ್ಲ.

ಲೋಟಕ್ಕೆ ಹೊಯ್ಯುವಾಗ ಅವಳಿಗೆ ಒಂದು ಸಣ್ಣ ಖುಷಿಯಾಯಿತು. ಮೂರು ವಾರದಲ್ಲಿ ಮೊದಲ ಸಲ.

ಬಾಗಿಲಲ್ಲಿ ಅಮ್ಮ ನಿಂತಿದ್ದರು.

"ಇಷ್ಟು ಬೇಗ ಆಯ್ತಾ?"

"ಆಯ್ತು."

ಅಮ್ಮ ಲೋಟ ತೆಗೆದುಕೊಂಡು ಚಮಚದಿಂದ ಒಮ್ಮೆ ಎತ್ತಿ ಬಿಟ್ಟರು. ಅದು ಎಳೆಯಾಗಿ ಇಳಿಯಲಿಲ್ಲ. ಮುದ್ದೆಯಾಗಿ ಬಿತ್ತು. ಒಂದು ಗುಟುಕು ಕುಡಿದರು.

"ಕೂವೆ."

"ಹೌದು."

"ಯಾಕೆ?"

"ಅವರಿಗೆ ಇಷ್ಟು ಸಾಕು."

ಅಮ್ಮ ಅರೆಯುವ ಕಲ್ಲಿನ ಪಕ್ಕ ಕೂತರು. ಲೋಟ ಮಡಿಲಲ್ಲಿತ್ತು.

"ಅವರು ಎಂತ ಬರೆದದ್ದು? ಇನ್ನೊಮ್ಮೆ ಹೇಳು."

"ನಿಮಗೆ ಗೊತ್ತುಂಟಲ್ಲ ಅಮ್ಮ."

"ನಿನ್ನ ಬಾಯಲ್ಲಿ ಕೇಳಬೇಕು."

"ಇಲ್ಲಿ ಎಲ್ಲ ತೋರಿಕೆ ಅಂತ. ನೋಡಲು ಒಂದು, ಒಳಗೆ ಇನ್ನೊಂದು ಅಂತ."

ಅಮ್ಮ ಲೋಟವನ್ನು ಅವಳ ಮುಂದೆ ಇಟ್ಟರು.

"ಇವತ್ತು ಬೆಳಿಗ್ಗೆಯವರೆಗೆ ಅದು ಸುಳ್ಳಾಗಿತ್ತು."

ಜಲಜಾಕ್ಷಿಯ ಮುಖ ಕಾದು ಹೋಯಿತು. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯಿಂದ ಸಿಟ್ಟು ಇಳಿಯಲಿಲ್ಲ. ಇನ್ನಷ್ಟು ಏರಿತು.

"ಹಾಗಾದರೆ ನಾನು ಎಂತ ಮಾಡಬೇಕು?" ಎಂದಳು ಅವಳು. "ನಾಳೆ ಸುಮನಾಳ ಪರೀಕ್ಷೆ. ನಾಲ್ಕು ವರ್ಷ ಓದಿದ್ದಾಳೆ ಅಮ್ಮ. ಅವಳ ಬಿಳಿ ಕೋಟು ಇನ್ನೂ ನನ್ನ ಕೋಣೆಯ ಮೊಳೆಯಲ್ಲಿ ನೇತಾಡ್ತಾ ಉಂಟು. ಅವಳನ್ನು ಆ ಮನೆಗೆ ತಳ್ಳಿದವರು ಇಲ್ಲಿ ಕೂತು ಗಂಟಲು ತಂಪು ಮಾಡಿಕೊಳ್ಳಬೇಕು, ನಾನು ಅವರಿಗೆ ಹಾಲು ಕಡೆದು ಕೊಡಬೇಕು. ಎಲ್ಲವನ್ನೂ ಕ್ಷಮಿಸು ಅಂತೀರಿ ನೀವು. ನನ್ನಿಂದ ಆಗುವುದಿಲ್ಲ."

"ಕ್ಷಮಿಸು ಅಂತ ನಾನು ಯಾವಾಗ ಹೇಳಿದೆ?"

ಜಲಜಾಕ್ಷಿ ಬಾಯಿ ತೆರೆದಳು. ನೆನಪಾಗಲಿಲ್ಲ.

"ಸಿಟ್ಟು ಬಿಡು ಅಂತ ಹೇಳಿದೆನಾ?"

"ಇಲ್ಲ."

"ಅದನ್ನು ಹಾಲಿಗೆ ಹಾಕಬೇಡ. ಹಾಲಿಗೆ ಹಾಕಿದರೆ ನಿನಗೆ ಸಿಟ್ಟು ಬಂದದ್ದು ಅವರಿಗೆ ಗೊತ್ತಾಗುವುದು ಹೇಗೆ?"

ಅಮ್ಮ ಲೋಟ ಎತ್ತಿ ಅದರಲ್ಲಿದ್ದದ್ದನ್ನು ಪೂರ್ತಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಚೆಲ್ಲುವಷ್ಟು ಹಾಲು ನಮ್ಮಲ್ಲಿ ಇಲ್ಲ. ಇನ್ನೊಂದು ಲೋಟ ಮಾಡು."

ಜಲಜಾಕ್ಷಿ ಪಾತ್ರೆ ತೊಳೆದಳು. ದಪ್ಪ ತಳದ್ದನ್ನೇ ಒಲೆಯ ಮೇಲಿಟ್ಟಳು. ಗಟ್ಟಿ ಹಾಲು, ನೀರಿಲ್ಲದೆ. ಬೆಂಕಿ ಸಣ್ಣದು.

ಹಾಲು ಬಿಸಿಯಾಗುವುದರೊಳಗೆ ಡಬ್ಬಿ ತೆರೆದು ಅಚ್ಚನ್ನು ಮಣೆಯ ಮೇಲಿಟ್ಟು ಕತ್ತಿಯಿಂದ ಸಣ್ಣಗೆ ಕೊಚ್ಚಿದಳು. ಕಡಲೆಬೇಳೆಗಿಂತ ದೊಡ್ಡ ಚೂರು ಇರಕೂಡದು ಎಂದು ಅಮ್ಮ ಮೊದಲ ವರ್ಷವೇ ಕಲಿಸಿದ್ದರು.

ಹಾಲಿನ ಅಂಚಿನಲ್ಲಿ ಹಬೆ ಕಂಡಿತು. ಕುದಿಯುವ ಮೊದಲೇ ಇಳಿಸಿದಳು. ಚೂರುಗಳನ್ನು ಹಾಕಿ ಮುಟ್ಟದೆ ಬಿಟ್ಟಳು. ಅವು ತಾವಾಗಿಯೇ ಕರಗಲು ಶುರುವಾದ ಮೇಲೆ ಕಡೆದಳು. ಮತ್ತೆ ಒಲೆಗೆ ಇಟ್ಟಳು, ಮತ್ತೆ ಕಡೆದಳು. ಕಡೆಗೆ ಚಿಟಿಕೆ ಉಪ್ಪು, ಒಂದು ಚಮಚ ಹಾಲಿನ ಕೆನೆ.

ಅರ್ಧ ಗಂಟೆ ಹಿಡಿಯಿತು. ತೋಳು ಸೋತು ಬಂತು. ಸಿಟ್ಟು ಹೋಗಲಿಲ್ಲ. ಆದರೆ ಈಗ ಅದು ಕೈಯಲ್ಲಿರಲಿಲ್ಲ. ಎದೆಯಲ್ಲಿತ್ತು.

ಅಮ್ಮ ಚಮಚದಿಂದ ಎತ್ತಿ ನೋಡಿದರು. ಎಳೆ ಕಡಿಯದೆ ಇಳಿಯಿತು.

"ನೀನೇ ಕೊಡು" ಎಂದರು.

ವಾಮನರಾಯರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊದಲ ಗುಟುಕಿಗೆ ಕಣ್ಣು ಮುಚ್ಚಿ ಭುಜ ಬಿಗಿ ಮಾಡಿದರು. ನೋವಿಗಾಗಿ ಕಾದರು. ನೋವು ಬರಲಿಲ್ಲ. ಇನ್ನೊಂದು ಗುಟುಕು ಕುಡಿದರು.

"ರುಚಿ ನನಗೆ ತಿಳಿಯುವುದಿಲ್ಲ" ಎಂದರು. "ಚಿಕಿತ್ಸೆಯಲ್ಲಿ ಅದು ಹೋಯಿತು. ಆದರೆ ಇದು ಇಳಿಯುತ್ತಿದೆ."

ಜಲಜಾಕ್ಷಿ ಕಂಬಕ್ಕೆ ಒರಗಿ ನಿಂತು ಅವರು ಕುಡಿದು ಮುಗಿಸುವವರೆಗೆ ನೋಡಿದಳು. ತಳದಲ್ಲಿ ಉಳಿದದ್ದನ್ನು ಅವರು ಚಮಚದಿಂದ ಕೆರೆದು ತಿಂದರು. ಒಂದು ತಿಂಗಳಿಂದ ಹೊಟ್ಟೆ ತುಂಬ ಏನೂ ಕಾಣದ ಮನುಷ್ಯ ಎಂದು ನೋಡಿದರೆ ಗೊತ್ತಾಗುತ್ತಿತ್ತು.

ಅವರು ಲೋಟ ಕೆಳಗಿಟ್ಟರು.

"ಈಗ ಹೇಳು" ಎಂದರು ಅಮ್ಮ.

"ಎಂತ ಅಮ್ಮ?"

"ಒಳಗೆ ನನಗೆ ಹೇಳಿದ್ದು. ಒಂದು ಅಕ್ಷರ ಕಡಿಮೆ ಮಾಡಬೇಡ."

ಜಲಜಾಕ್ಷಿ ಹೇಳಿದಳು. ಸುಮನಾ ಹೇಗೆ ಬಂದಳು, ಬಂದ ದಿನ ಹೇಗಿದ್ದಳು, ಅಣ್ಣ ಎಲ್ಲಿ ನಿಂತು ಏನು ಓದಿದ, ಓದುವಾಗ ಯಾವ ಸಾಲನ್ನು ಎರಡು ಸಲ ಓದಿದ. ಅವಳು ಕೂಗಲಿಲ್ಲ. ಆದರೆ ಒಂದು ಮಾತಿಗೂ ಸಕ್ಕರೆ ಬೆರೆಸಲಿಲ್ಲ.

"ನಾನು ಯಾವ ಆಶ್ರಮದ ಹೆಸರನ್ನೂ ಬರೆಯಲಿಲ್ಲ" ಎಂದರು ವಾಮನರಾಯರು.

"ಈ ಹೊಳೆದಂಡೆಯಲ್ಲಿ ಕೊಕ್ಕೋ ಅರೆಯುವ ಆಶ್ರಮ ಎಷ್ಟುಂಟು?"

"ಟೀಕೆ ಮಾಡುವುದು ನನ್ನ ಕೆಲಸ."

"ಮಾಡಿ. ಬಂದು ನೋಡಿ ಮಾಡಿ. ಈ ಜಗಲಿಯಲ್ಲಿ ನೀವು ಕೂತದ್ದು ಇವತ್ತೇ ಮೊದಲು."

ಅವರು ಮಫ್ಲರ್ ಸರಿಪಡಿಸಿಕೊಂಡರು.

"ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದದ್ದು" ಎಂದರು. "ಯಾರೋ ಬಂದವರು ಹೇಳಿದರು. ಆ ವಾರ ಬರೆಯಲು ಬೇರೆ ಏನೂ ಇರಲಿಲ್ಲ. ಅಂಕಣ ತಪ್ಪಬಾರದು ಎಂದು ಬರೆದೆ. ಓದಿದವರು ನಗುತ್ತಾರೆ ಎಂದುಕೊಂಡೆ."

"ನಕ್ಕಿರಬಹುದು. ಸುಮನಾ ನಗಲಿಲ್ಲ."

"ಮುಂದಿನ ವಾರದ ಅಂಕಣದಲ್ಲಿ ತಪ್ಪಾಯಿತೆಂದು ಬರೆಯುತ್ತೇನೆ."

"ಪರೀಕ್ಷೆ ನಾಳೆ."

ಅವರು ಆಟೋದ ಕಡೆ ತಿರುಗಿ ನೋಡಿದರು. ಆಟೋದವನು ಮರದ ಕೆಳಗೆ ಕಾಯುತ್ತಿದ್ದ.

"ಆ ಹುಡುಗಿಯ ಮನೆ ಎಲ್ಲಿ?"

"ಹೊಳೆಯ ಸಂಕ ದಾಟಿ ಆಚೆ, ಒಂದೂವರೆ ಗಂಟೆಯ ದಾರಿ. ನಾವು ಹೋದರೆ ಅವನು ಬಾಗಿಲು ತೆರೆಯುವುದಿಲ್ಲ. ನಿಮ್ಮ ಲೇಖನ ಕತ್ತರಿಸಿ ಜಗಲಿಯ ಗೋಡೆಗೆ ಅಂಟಿಸಿದ್ದಾನೆ."

"ನಾನು ಹೋದರೆ ತೆರೆಯುತ್ತಾನೆಯೇ?"

"ನಿಮಗೆ ತೆರೆದಾನು. ನಿಮ್ಮ ಮಾತೆಂದರೆ ಅವನಿಗೆ ವೇದ."

"ನನಗೆ ಮಾತಿಲ್ಲವಲ್ಲ ತಾಯಿ. ಇಷ್ಟು ಆಡಿದ್ದಕ್ಕೇ ಗಂಟಲು ಕಟ್ಟುತ್ತಿದೆ. ಅಲ್ಲಿ ವಾದ ಮಾಡಲು ನನ್ನಿಂದ ಆದೀತೇ?"

"ವಾದ ನಾನು ಮಾಡ್ತೇನೆ. ನೋಡದೆ ಬರೆದೆ, ಬರೆದದ್ದು ಸುಳ್ಳು ಅಂತ ನೀವು ಒಂದು ಮಾತು ಹೇಳಿದರೆ ಸಾಕು."

ಒಂದು ಮಾತು. ಜೀವಮಾನವಿಡೀ ಬರೆದ ಮನುಷ್ಯನಿಗೆ ಅದು ಎಷ್ಟು ಭಾರವೆಂದು ಜಲಜಾಕ್ಷಿಗೆ ಅವರ ಮುಖದಲ್ಲಿ ಕಂಡಿತು. ಆದರೂ ಅವಳು ಕಣ್ಣು ತೆಗೆಯಲಿಲ್ಲ.

ವಾಮನರಾಯರು ಕಂಬ ಹಿಡಿದು ಎದ್ದರು. ಅಂಗಳಕ್ಕೆ ಇಳಿದು ಹರಡಿದ ಬೀಜಗಳನ್ನು ತುಳಿಯದಂತೆ ಬದಿಯಿಂದ ನಡೆದು ಆಟೋದಲ್ಲಿ ಕೂತರು. ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟಿದ್ದರು.

ಅಮ್ಮ ಒಳಗಿಂದ ಸುಮನಾಳ ಪುಸ್ತಕದ ಚೀಲ ತಂದರು. ಬಿಳಿ ಕೋಟನ್ನು ಮಡಚಿ ಅದರ ಮೇಲಿಟ್ಟಿದ್ದರು. ಚೀಲವನ್ನು ಜಲಜಾಕ್ಷಿಯ ಹೆಗಲಿಗೆ ಹಾಕಿದರು.

ಜಲಜಾಕ್ಷಿ ನಿಂತಲ್ಲೇ ನಿಂತಳು. ಹತ್ತು ವರ್ಷ ಅಮ್ಮನ ಕಾಲಬುಡದಲ್ಲಿ ಕೂತು ಜಪ ಮಾಡಿದವಳು, ಹೀಗೆ ಉರಿಯುವ ಮುಖ ಹೊತ್ತುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗುವುದೇ ಎನಿಸಿತು.

"ಅಮ್ಮ, ಐದು ನಿಮಿಷ ಕೊಡಿ" ಎಂದಳು. "ಹೊಳೆಗೆ ಹೋಗಿ ಮುಖ ತೊಳೆದು, ಸ್ವಲ್ಪ ಜಪಕ್ಕೆ ಕೂತು ಬರ್ತೇನೆ. ಮನಸ್ಸು ತಣ್ಣಗಾಗಲಿ. ಇಷ್ಟು ಸಿಟ್ಟಿನಲ್ಲಿ ಆ ಮನೆಗೆ ಹೋಗಬಾರದು."

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಆಟೋದ ಕಡೆ ಮೆಲ್ಲಗೆ ನೂಕಿದರು.

"ಜಪ ಬಂದ ಮೇಲೆ ಮಾಡು. ಸಿಟ್ಟು ಆರುವುದರೊಳಗೆ ಆ ಮನೆ ಮುಟ್ಟಬೇಕು."