ಎಥನಾಲ್ ಹಿಡಿದ ಕೈ

ಪಶುವೈದ್ಯೆ ನೀಲಾಂಬಿಕೆಯ ಬೈಕಿನ ಟ್ಯಾಂಕಿಗೆ ಮಳೆಯ ನಾಲ್ಕು ಹನಿ ನೀರು ಇಳಿದು ತಳ ಸೇರಿತ್ತು. "ನಿನಗೂ ನನಗೂ ಆಗದು" ಎಂದು ಪೆಟ್ರೋಲು ಅದನ್ನು ಹತ್ತಿರ ಸೇರಿಸಲಿಲ್ಲ. ಅಂದು ದಿಬ್ಬದ ಮೇಲಿನ ಊರಲ್ಲಿ ಎಮ್ಮೆಯೊಂದು ಕರು ಹಾಕಲಾರದೆ ನರಳುತ್ತಿತ್ತು. ನೀಲಾಂಬಿಕೆ ಅವಸರದಲ್ಲಿ ಹೊರಟರೆ, ತಳದ ನೀರು ಎಂಜಿನ್ನಿಗೆ ಅಡ್ಡಬಂದು ಬೈಕು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಪೆಟ್ರೋಲು ತೀರಿರಬೇಕೆಂದು ಬಂಕಿನವರೆಗೆ ತಳ್ಳಿಕೊಂಡು ಹೋಗಿ ಎಥನಾಲ್ ಬೆರೆತ ಪೆಟ್ರೋಲು ತುಂಬಿಸಿದಳು.

ಎಥನಾಲ್ ಒಳಗೆ ಬಂದದ್ದೇ ತಳಕ್ಕಿಳಿದು ನೀರಿನ ಕೈ ಹಿಡಿಯಿತು.

"ಅದು ನಮ್ಮ ಕುಲದ್ದಲ್ಲ, ಬಿಡು" ಎಂದಿತು ಪೆಟ್ರೋಲು.

"ಹಾಗೆನ್ನಬೇಡ ಅಣ್ಣಾ. ನನ್ನ ಹೆತ್ತ ಕಬ್ಬು ಬೆಳೆದದ್ದು ಈ ನೀರು ಕುಡಿದೇ. ಉಂಡ ಮನೆಯ ಜಂತೆ ಎಣಿಸಲಾರೆ" ಎಂದಿತು ಎಥನಾಲ್. ನೀರಿಗೆ, "ಬಾರಮ್ಮ, ನನ್ನ ಜೊತೆ ಬಾ" ಎಂದಿತು.

ನೀರು ಅದರೊಳಗೆ ಕರಗಿತು. ಮೂವರೂ ಒಟ್ಟಿಗೆ ಎಂಜಿನ್ನಿಗೆ ಹರಿದರು. ಬೈಕು ಒಂದೆರಡು ಸಲ ಕೆಮ್ಮಿ, ಆಮೇಲೆ ಸಲೀಸಾಗಿ ದಿಬ್ಬ ಹತ್ತಿತು.

"ಎಮ್ಮೆನೂ ಉಳೀತು, ಕರುನೂ ಉಳೀತು. ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ!" ಎಂದು ಎಮ್ಮೆಯ ಒಡತಿ ದ್ಯಾವಮ್ಮ ಕೈಮುಗಿದಳು.

ಟ್ಯಾಂಕಿನೊಳಗೆ ಉಳಿದಿದ್ದ ಪೆಟ್ರೋಲು ಎಥನಾಲಿಗೆ ಮೆಲ್ಲನೆ ಹೇಳಿತು: "ತಮ್ಮಾ, ನೀನು ನೀರಿನ ಋಣ ನೆನೆದೆ, ನಾನು ದಡ ಸೇರಿದೆ."