ಕತ್ತಿಕೆರೆ

ಗೂಗೆಗುಡ್ಡದ ಕೋಟೆಯಲ್ಲಿ ಈಗ ಉಳಿದಿರುವುದು ಕದಗಳಿಲ್ಲದ ಒಂದು ಹೆಬ್ಬಾಗಿಲು, ಅದರ ಕೆಳಗೊಂದು ಸಣ್ಣ ಕೆರೆ. ಕತ್ತಿಕೆರೆ ಎಂಬ ಹೆಸರು ಕೇಳಿದ ಹೊರಗಿನವರು ಯುದ್ಧವನ್ನು ನೆನೆಯುತ್ತಾರೆ. ಅದು ಕ್ಷೌರದ ಕತ್ತಿ ಎಂದು ಊರಿನವರು ತಿದ್ದುತ್ತಾರೆ. ಈ ಸೀಮೆಯಲ್ಲಿ ‘ಅವನ ಮೀಸೆಗೆ ಕತ್ತಿ ಮುಟ್ಟಿತು’ ಎಂದರೆ ಅವನ ತಂದೆ ತೀರಿಕೊಂಡ ಎಂದೇ ಅರ್ಥ. ತಂದೆ ಬದುಕಿರುವವರೆಗೆ ಮಗ ಮೀಸೆ ತೆಗೆಸುವಂತಿಲ್ಲ; ತೀರಿದ ಮೇಲೆ ತೆಗೆಸದೆ ಕರ್ಮಕ್ಕೆ ಕೂರುವಂತಿಲ್ಲ.

ಹಿಂದೆ ಒಮ್ಮೆ ಇಲ್ಲಿನ ಪಾಳೆಯಗಾರ ಕಾಟಪ್ಪನಾಯಕ ದಂಡಿಗೆ ಹೋದವನು ಮಳೆಗಾಲ ಕಳೆದರೂ ಹಿಂದಿರುಗಲಿಲ್ಲವಂತೆ. ಅವನು ಸತ್ತನೆಂದು ತಮ್ಮ ಓಬನಾಯಕ ಸಾರಿದ. ಅಣ್ಣನ ಮಗ ಸೂರಪ್ಪನಿಂದ ಕರ್ಮ ಮಾಡಿಸಿಬಿಟ್ಟರೆ, ಅಣ್ಣ ಮರಳಿ ಬಂದರೂ ಒಮ್ಮೆ ಎಳ್ಳುನೀರು ಪಡೆದವನು ಸತ್ತವನೇ, ಕೋಟೆಯೊಳಗೆ ಸೇರಿಸುವಂತಿಲ್ಲ. ಮೀಸೆ ಆಗಷ್ಟೇ ಚಿಗುರಿದ್ದ ಸೂರಪ್ಪನ ಹೆಸರಿನಲ್ಲಿ ತಾನೇ ಆಳಬಹುದೆಂದು ಓಬನಾಯಕನ ಎಣಿಕೆ. ಕೆರೆಯ ಏರಿಯ ಮೇಲೆ ಊರು ನೆರೆಯಿತು. ಕೋಟೆಯ ಕ್ಷೌರಿಕ, ಮಕ್ಕಳಿಲ್ಲದ ಮುದುಕ ಹಡಪದ ಗುರುವಣ್ಣನನ್ನು ಕರೆಸಿದರು. ಅವನು ಕತ್ತಿ ಮಸೆದ, ಸೂರಪ್ಪನ ಮುಖಕ್ಕೆ ನೀರು ಹಚ್ಚಿದ, ಆಮೇಲೆ ದೊರೆಯ ಹೆಣ ಕಂಡವರು ಯಾರೆಂದು ಕೇಳಿದ. ಕಂಡೆನೆಂದು ಯಾರೂ ಮುಂದೆ ಬರದಿರಲು ಕತ್ತಿಯನ್ನು ಕೆಳಗಿಳಿಸಿದ.

“ಏನು ಗುರುವಣ್ಣ, ಮುಪ್ಪು ಬಂದದ್ದು ಕೈಗೋ ಕತ್ತಿಗೋ?” ಎಂದು ಓಬನಾಯಕ ನಕ್ಕ.

“ಎರಡೂ ನೆಟ್ಟಗಿವೆ ಬುದ್ಧಿ. ಹೆಣ ನೋಡದೆ ಮಗನ ಮೀಸೆ ತೆಗೆದರೆ ಅಪ್ಪನನ್ನು ಕೊಂದವನು ನಾನಾಗುತ್ತೇನೆ.”

ಬೇರೆ ಯಾರೂ ಎತ್ತಿಕೊಳ್ಳದಿರಲೆಂದು ಅವನು ಕತ್ತಿಯನ್ನು ಕೆರೆಗೆ ಎಸೆದ. ಓಬನಾಯಕನ ಆಳುಗಳು ಅವನನ್ನು ಅಲ್ಲೇ ಕಡಿದರು. ಸುದ್ದಿ ತಿಳಿದ ಸುತ್ತಲ ಊರುಗಳ ಕ್ಷೌರಿಕರು ಎಷ್ಟು ಹೇಳಿಕಳಿಸಿದರೂ ಬರಲಿಲ್ಲ. ಕರ್ಮ ಹಾಗೆಯೇ ನಿಂತಿತು.

ಚಳಿಗಾಲದಲ್ಲಿ ಕಾಟಪ್ಪನಾಯಕ ಒಂದು ಕಾಲು ಎಳೆಯುತ್ತ ಬಂದ. ಕಾವಲಿನವರು ತಡೆಯಲಿಲ್ಲ, ಊರಿನ ಪಾಲಿಗೆ ಅವನಿನ್ನೂ ಸತ್ತಿರಲಿಲ್ಲ. ಅವನು ಬರುವ ಸುಳಿವು ಸಿಕ್ಕಿ ತಮ್ಮ ಓಡಿಹೋಗಿದ್ದ. ನಡೆದುದನ್ನು ಕೇಳಿದ ದೊರೆ ಮಗನ ಮುಖವನ್ನು ಬಹಳ ಹೊತ್ತು ನೋಡಿದನಂತೆ. ಮರುದಿನ ನೆರೆಯೂರಿನ ಕ್ಷೌರಿಕನನ್ನು ಬರಹೇಳಿ, ಅದೇ ಏರಿಯ ಮೇಲೆ ಕುಳಿತು, ತನ್ನ ಮೀಸೆಯನ್ನು ತೆಗೆಸಿಕೊಂಡ. ಗುರುವಣ್ಣನಿಗೆ ಮಗನಾಗಿ ನೀರು ಬಿಟ್ಟ ಎನ್ನುತ್ತಾರೆ.

ಏರಿಯ ತುದಿಯಲ್ಲಿ ಒಂದು ಕಲ್ಲು ನಿಂತಿದೆ. ವೀರಗಲ್ಲುಗಳಲ್ಲಿ ಕಾಣುವ ಕುದುರೆ, ಬಿಲ್ಲು ಅದರಲ್ಲಿಲ್ಲ. ಕತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುದುಕನೊಬ್ಬ ಕುಳಿತಿದ್ದಾನೆ. ಪೇಟವನ್ನು ನೆಲಕ್ಕಿಟ್ಟ ದೊರೆಯೊಬ್ಬ ಅವನ ಪಾದಕ್ಕೆ ಬಾಗಿದ್ದಾನೆ. ದೊರೆಯ ಮುಖದಲ್ಲಿ ಮೀಸೆಯಿಲ್ಲ.