ನಿಂದ್ರಂದಾಕಿ ದಿಬ್ಬ

ಕುಲುಮೆಹಳ್ಳಿಯಿಂದ ಕಬ್ಬಿಣದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ, ಕಲ್ಲಿದ್ದಲಿನ ಲಾರಿಗಳು ಸಾಲುಗಟ್ಟಿ ನಿಲ್ಲುವ ಬಯಲನ್ನು ದಾಟಿದೊಡನೆ, ಬಲಗಡೆಗೆ ಒಂದು ಕಪ್ಪು ದಿಬ್ಬ ಸಿಗುತ್ತದೆ. ಎತ್ತರವೇನೂ ಇಲ್ಲ, ಲಾರಿಯ ಮೇಲೆ ನಿಂತವನಿಗೆ ಅದರ ನೆತ್ತಿ ಕಾಣುತ್ತದೆ. ಮಳೆಗಾಲದಲ್ಲಿ ಸುತ್ತೆಲ್ಲ ಹಸಿರಾದರೂ ಅದರ ಮೇಲೆ ಒಂದಿಷ್ಟು ತುಂಬೆ ಗಿಡ ಬಿಟ್ಟರೆ ಏನೂ ಚಿಗುರುವುದಿಲ್ಲ. ಕಾರ್ಖಾನೆಯವರು ಬೂದಿ ಸುರಿದು ಗುಡ್ಡೆ ಮಾಡಿದ್ದಾರೆಂದು ಪರವೂರಿನ ಡ್ರೈವರುಗಳು ತಿಳಿಯುತ್ತಾರೆ. ತಿಳಿಯಲಿ, ಅವರಿಗೇನು ಗೊತ್ತು! ಕಾರ್ಖಾನೆ ಬಂದದ್ದು ಮೊನ್ನೆ ಮೊನ್ನೆ. ಈ ದಿಬ್ಬ ನಮ್ಮ ಅಜ್ಜನ ಅಜ್ಜನಿಗಿಂತ ಹಳೆಯದು. ಊರವರು ಇದನ್ನು ನಿಂದ್ರಂದಾಕಿ ದಿಬ್ಬ ಎನ್ನುತ್ತಾರೆ. ನಿಲ್ಲು ಎಂದು ಹೇಳಿದವಳ ದಿಬ್ಬ ಎಂದರ್ಥ. ಯಾರಿಗೆ ನಿಲ್ಲೆಂದಳು, ಯಾಕೆ ನಿಲ್ಲೆಂದಳು ಎಂದು ಕೇಳಿದರೆ ಗಂಡಸರು ಅರ್ಧ ಹೇಳಿ ಬೀಡಿ ಹಚ್ಚುತ್ತಾರೆ. ಹೆಂಗಸರು ಪೂರ್ತಿ ಹೇಳುತ್ತಾರೆ. ಇಲ್ಲಿರುವುದು ಹೆಂಗಸರು ಹೇಳಿದ್ದು.

ಹಿಂದೆ ಒಮ್ಮೆ, ನೆಲದೊಳಗಿನ ಕಲ್ಲಿದ್ದಲು ಈ ಸೀಮೆಗೆ ಇನ್ನೂ ಬಾರದಿದ್ದಾಗ, ಇಲ್ಲಿಯ ಕುಲುಮೆಗಳು ಕಟ್ಟಿಗೆಯ ಇದ್ದಿಲಿನ ಮೇಲೆಯೇ ನಡೆಯುತ್ತಿದ್ದವು. ಆ ಇದ್ದಿಲನ್ನು ಸುಡುತ್ತಿದ್ದದ್ದು ಒಂದೇ ಮನೆತನ. ದಿಂಡಿಗ, ಕಗ್ಗಲಿಯಂಥ ಗಟ್ಟಿ ಮರದ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಸೊಪ್ಪು ಹೊದಿಸಿ, ಸೊಪ್ಪಿನ ಮೇಲೆ ಮಣ್ಣು ಮೆತ್ತಿ, ನೆತ್ತಿಯ ತೂತಿನಿಂದ ಕೆಂಡ ಇಳಿಸುತ್ತಿದ್ದರು. ಅದಕ್ಕೆ ಗೂಡು ಎಂದು ಹೆಸರು. ಒಳಗೆ ಬೆಂಕಿ ಭಗ್ಗೆಂದು ಉರಿಯಬಾರದು, ಕಟ್ಟಿಗೆ ಮೆಲ್ಲಗೆ ಬೇಯಬೇಕು. ಬೆಂದಂತೆ ಗೂಡು ಅಲ್ಲಲ್ಲಿ ಕುಸಿಯುತ್ತದೆ. ಕುಸಿದಲ್ಲಿ ಗಾಳಿ ಹೊಕ್ಕರೆ ಮುಗಿಯಿತು, ಪಟ್ಟ ಪಾಡೆಲ್ಲ ಬೂದಿ. ಆದ್ದರಿಂದ ಒಬ್ಬನು ಬಿದಿರಿನ ಗಳ ಹಿಡಿದು, ಬೇಯುತ್ತಿರುವ ಗೂಡಿನ ಮೇಲೆಯೇ ಹತ್ತಿ, ತುಳಿದು ತುಳಿದು ನೋಡಿ, ಮೆತ್ತಗಾದಲ್ಲಿ ಮಣ್ಣು ಒತ್ತಬೇಕು. ಕಾಲಡಿಗೆ ಪೂರಾ ಕೆಂಡ. ಅದಕ್ಕೇ ಆ ಮನೆತನದವರು ಒಂದು ಕಟ್ಟಳೆ ಮಾಡಿಕೊಂಡಿದ್ದರು: ಗೂಡು ಜೋಡಿಸಿದವನೇ ಗೂಡು ತುಳಿಯಬೇಕು. ಯಾವ ತುಂಡು ಎಲ್ಲಿದೆ, ಎಲ್ಲಿ ಸಂದು ಬಿಟ್ಟಿದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಬೇರೆಯವರು ಜೋಡಿಸಿದ ಗೂಡಿನ ಮೇಲೆ ಅಣ್ಣನಾಗಲಿ ತಮ್ಮನಾಗಲಿ ಕಾಲಿಡುತ್ತಿರಲಿಲ್ಲ.

ವರ್ಷದ ಮೊದಲ ಗೂಡಿಗೆ ಹಿರಿಯರ ಗೂಡು ಎನ್ನುತ್ತಿದ್ದರು. ಆ ದಿನ ಹೆಳವ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಮನೆತನದ ವಂಶಾವಳಿಯನ್ನು ಮೂಲಪುರುಷನಿಂದ ಹಿಡಿದು ಬಾಯಿಪಾಠವಾಗಿ ಹೇಳುತ್ತಿದ್ದ. ವಯಸ್ಸಿಗೆ ಬಂದ ಮಗ ಗೂಡಿನ ಮೇಲೆ ನಿಂತು ಕೇಳಬೇಕು. ತನ್ನ ಹೆಸರು ಬಂದಾಗ ಗಳವನ್ನು ಗೂಡಿಗೆ ಊರಿ ಕೆಳಗಿಳಿಯಬೇಕು. ಹೆಸರು ಬರುವ ಮೊದಲೇ ಇಳಿದವನನ್ನು ಹೆಳವ ಆ ವಂಶದಲ್ಲಿ ಮತ್ತೆಂದೂ ಹೇಳುವುದಿಲ್ಲ. ಹೆಸರಿಗೆ ಇಳಿದವನು ಮನೆಮಗ. ಅವನಿಗೆ ಸ್ವಂತ ಗೂಡು ಉಂಟು, ಹೆಣ್ಣು ಕೊಡುವವರುಂಟು. ಹೆಸರು ಬಾರದವನು ತನ್ನ ಮನೆಯ ಅಂಗಳದಲ್ಲೇ ಕೂಲಿಯವನು.

ಆ ಮನೆತನದ ಹಿರಿಸೊಸೆ ಸುಂಕವ್ವ. ಅವಳ ಗಂಡ ಗಾದೆಪ್ಪ ಕಬ್ಬಿಣದ ಬಂಡಿಗಳ ಜೊತೆ ಹೋದವನು ದಾರಿಯಲ್ಲೇ ಜ್ವರ ಹತ್ತಿ ಸತ್ತ. ತುಂಬಿದ ಬಸುರಿ ತವರಿನಲ್ಲಿ ಹೆತ್ತು, ಓಬಳನೆಂಬ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಬಂದರೆ ಗೂಡುಗಳ ಯಜಮಾನಿಕೆ ಆಗಲೇ ಮೈದುನ ಮಾರೆಪ್ಪನ ಕೈಯಲ್ಲಿತ್ತು. ಆ ವರ್ಷ ಹೆಳವರ ಬಾಲಪ್ಪ ಗಾದೆಪ್ಪನ ಹೆಸರು ಹೇಳಿ, ಕೂಸಿನ ಹೆಸರು ಸೇರಿಸಲೆಂದು ಉಸಿರು ತೆಗೆದುಕೊಂಡಾಗ ಮಾರೆಪ್ಪ, "ಮುಂದ ಹೋಗು," ಎಂದ, ಅಷ್ಟೇ. ಬಾಲಪ್ಪ ಮುಂದೆ ಹೋದ. ಬಾಲಪ್ಪನ ಎತ್ತಿನ ಹಿಂದೆ ಮಾರೆಪ್ಪನ ಕೊಟ್ಟಿಗೆಯ ಹಾಲುಕರೆಯುವ ಎಮ್ಮೆಯೂ ಹೋಯಿತು. ಸುಂಕವ್ವ ಕೂಸನ್ನು ಎದೆಗವಚಿಕೊಂಡು ಎತ್ತಿಗೆ ಅಡ್ಡ ನಿಂತಳು, ಕಾಲು ಹಿಡಿದಳು. ಹೆಳವ ತಪ್ಪಿಯೂ ಅವಳತ್ತ ನೋಡಲಿಲ್ಲ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ನಮ್ಮ ಹೆಂಗಸರು ಇಂದಿಗೂ ಈ ಜಾಗಕ್ಕೆ ಬಂದಾಗ ಶಪಿಸುತ್ತಾರೆ.

ಓಬಳ ಚಿಕ್ಕಪ್ಪನ ಗೂಡುಗಳಿಗೆ ಕಟ್ಟಿಗೆ ಹೊತ್ತು ಬೆಳೆದ. ಕೆಲಸದಲ್ಲಿ ಚುರುಕು, ಮಾತು ಕಡಿಮೆ; ಮುಖ ಗಾದೆಪ್ಪನದೇ. ಗುರುತು ಹಿಡಿಯದವರಿರಲಿಲ್ಲ, ಬಾಯಿಬಿಟ್ಟು ಹೇಳುವವರೂ ಇರಲಿಲ್ಲ. ಅವನಿಗೊಂದು ಹೆಣ್ಣು ನೋಡಿ, ವೀಳ್ಯ ಹಿಡಿಯುವ ಹೊತ್ತಿಗೆ ಬೀಗರು, "ಹೆಳವನ ಬಾಯಾಗ ನಿಮ್ಮ ಹುಡುಗನ ಹೆಸರಿಲ್ಲಂತಲ್ಲವ್ವಾ," ಎಂದು ಎದ್ದು ಹೋದರು. ಅಂದಿನಿಂದ ಸುಂಕವ್ವನಿಗೆ ಅದೊಂದೇ ಧ್ಯಾಸ. ಮಗನ ಹೆಸರನ್ನು ಅಪ್ಪನ ಹೆಸರಿನ ಹಿಂದೆ ಒಮ್ಮೆ ಕೇಳಿ ಸತ್ತರೆ ಸಾಕು. ಕುಲದ ಹಿರಿಯರ ಮನೆಮನೆಗೆ ಹೋಗಿ ಅತ್ತಳು, ಬೈದಳು, ಹೊಸ್ತಿಲಲ್ಲಿ ಉಪವಾಸ ಕೂತಳು. ಅವಳ ಕಾಟ ತಾಳಲಾರದೆ ಹಿರಿಯರು ಮಾರೆಪ್ಪನನ್ನು ಕರೆಸಿ, ಹುಡುಗನಿಗೆ ಹೆಸರು ಕೊಟ್ಟುಬಿಡು ಎಂದರು.

ಮಾರೆಪ್ಪ ಜಗಳ ತೆಗೆಯಲಿಲ್ಲ. ಕೊಡದೆ ಏನು, ಅಣ್ಣನ ಮಗ ನನ್ನ ಮಗನಲ್ಲವೆ ಎಂದ. ಇಷ್ಟು ವರ್ಷ ಮರೆತದ್ದಕ್ಕೆ ಪ್ರಾಯಶ್ಚಿತ್ತವಾಗಿ ಈ ಸಲದ ಹಿರಿಯರ ಗೂಡನ್ನು ತನ್ನ ಕೈಯಾರೆ ಜೋಡಿಸಿಕೊಡುತ್ತೇನೆ, ಓಬಳ ಬರೀ ಹತ್ತಿ ನಿಂತರೆ ಸಾಕು ಎಂದ. ಸುಂಕವ್ವನ ಕಾಟ ತಪ್ಪಿದರೆ ಸಾಕೆಂದು ಹಿರಿಯರು ತಲೆದೂಗಿದರು. ಸುಂಕವ್ವ ಅಲ್ಲೇ ನಿಂತು ಕೇಳಿದಳು. ಇದ್ದಿಲು ಸುಡುವವರ ಮನೆಯಲ್ಲಿ ಹುಟ್ಟಿ ಇದ್ದಿಲು ಸುಡುವವರ ಮನೆ ಸೇರಿದವಳು. ಕಟ್ಟಳೆ ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಈಗ ಚಕಾರ ಎತ್ತಿದರೆ, ಕೊಟ್ಟದ್ದನ್ನು ಬೇಡವೆಂದಳೆಂದು ಮಾರೆಪ್ಪ ಕೈತೊಳೆದುಕೊಂಡುಬಿಟ್ಟರೆ? ಇಷ್ಟು ವರ್ಷ ಕಾದದ್ದು ನೀರಲ್ಲಿ ಹೋಮವಾದರೆ? ಸೆರಗು ಬಾಯಿಗೊತ್ತಿಕೊಂಡು ಸುಮ್ಮನಾದಳು. ಬೇರೆಯವನು ಜೋಡಿಸಿದ ಗೂಡಿಗೆ ಮಗನನ್ನು ಹತ್ತಲು ಬಿಟ್ಟು, ಆ ಮನೆತನದಲ್ಲಿ ಯಾರೂ ಮಾಡದ ತಪ್ಪನ್ನು ಮಾಡಿದಳು. ಅತ್ತ ಮಾರೆಪ್ಪ ಹೊರಸುತ್ತಿಗೆ ಗಟ್ಟಿ ದಿಂಡಿಗ ನಿಲ್ಲಿಸಿ, ಗೂಡಿನ ನಡುಭಾಗಕ್ಕೆಲ್ಲ ಒಣ ಬೂರುಗ ತುಂಬಿದ. ಬೂರುಗವೆಂದರೆ ಹತ್ತಿಯಂಥ ಮರ. ಬೆಂಕಿ ತಾಗಿದ್ದೇ ತಡ, ಇದ್ದಿಲಾಗದೆ ನೇರ ಬೂದಿಯಾಗಿ ಒಳಗೆ ಪೊಳ್ಳು ಬಿಡುತ್ತದೆ. ಮೇಲೆ ಮಣ್ಣು ಮೆತ್ತಿದ ಮೇಲೆ ಯಾರಿಗೇನು ಕಾಣುತ್ತದೆ?

ಹೆಸರು ಹೇಳುವ ದಿನ ಕುಲವೆಲ್ಲ ನೆರೆದಿತ್ತು. ನಸುಕಿನಲ್ಲೇ ಗೂಡಿಗೆ ಕೆಂಡ ಇಳಿಸಿ ನೆತ್ತಿಯ ತೂತು ಮುಚ್ಚಿದ್ದರು. ಓಬಳ ಮಿಂದು, ಅಪ್ಪನ ರುಮಾಲು ಸುತ್ತಿ, ಗಳ ಹಿಡಿದು ಗೂಡೇರಿ ನಡುನೆತ್ತಿಯ ಮೇಲೆ ನಿಂತ. ಬಾಲಪ್ಪ ಗಂಟೆ ಬಾರಿಸಿ ಶುರುಮಾಡಿದ. ಇತರ ವರ್ಷ ನೆಟ್ಟಗೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದವನು ಅಂದು ವಂಶದ ಕೊಂಬೆಕೊಂಬೆಗೂ ಹತ್ತಿದ. ಯಾವನು ಯಾವ ಊರಿನ ಹೆಣ್ಣು ತಂದ, ಬೀಗರ ಬೀಗರು ಯಾರು, ಯಾರ ಹೋರಿ ಯಾರ ಹೊಲ ಮೇಯ್ದು ಜಗಳವಾಯಿತು ಎಂದು ಎಳೆದ, ಎಳೆದ, ಎಳೆದೇ ಎಳೆದ. ಬಿಸಿಲೇರಿತು. ಮಣ್ಣಿನ ಸಂದಿಯಲ್ಲಿ ಬಿಳಿಯ ಹೊಗೆ ಹೋಗಿ, ಒಳಗಿನ ಕಟ್ಟಿಗೆ ಬೆಂದಿತೆನ್ನುವ ನೀಲಿ ಹೊಗೆ ಬಂತು. ಓಬಳ ಒಂದು ಕಾಲು ಎತ್ತಿ ಇನ್ನೊಂದು ಕಾಲಿನ ಮೇಲೆ ಭಾರ ಹಾಕುತ್ತಿದ್ದುದನ್ನು ಸುಂಕವ್ವ ನೋಡಿದಳು.

"ಅವ್ವಾ, ಕಾಲಡಿಗೆ ಮೆತ್ತಗಾಗಾಕ ಹತ್ತೈತಿ. ಇಳೀಲೇನು?" ಎಂದು ಮೇಲಿನಿಂದ ಕೇಳಿದ.

ಅದೇ ಹೊತ್ತಿಗೆ ಬಾಲಪ್ಪನ ಬಾಯಲ್ಲಿ ಓಬಳನ ಅಜ್ಜನ ಹೆಸರು ಬಂತು. ಇನ್ನು ಗಾದೆಪ್ಪ, ಅವನ ಹಿಂದೆ ಮಗ. ಎರಡೇ ಹೆಸರು. ಸುಂಕವ್ವ ಎರಡೂ ಕೈ ಮೇಲೆತ್ತಿ ಕೂಗಿದಳು. "ನಿಂದ್ರೋ ನನ್ನಪ್ಪಾ, ಇನ್ನೊಂದೀಟು ನಿಂದ್ರು! ಬಂತು, ನಿನ್ನ ಹೆಸರು ಬಂತು!"

ಮಗ ನಿಂತ. ತಾಯಿಯ ಮಾತು ಮೀರಿದವನಲ್ಲ. ಬಾಲಪ್ಪ ಗಾದೆಪ್ಪನ ಹೆಸರು ಹೇಳಿ ಮಾರೆಪ್ಪನ ಮುಖ ನೋಡಿದ. ಅಷ್ಟರಲ್ಲಿ ಗೂಡಿನ ನೆತ್ತಿ ಒಳಕ್ಕೆ ಕುಸಿದು, ಬೆಂಕಿ ಆಳೆತ್ತರ ಎದ್ದಿತು. ಕೂಗು ಒಂದೇ ಸಲ ಕೇಳಿಸಿತು ಎನ್ನುತ್ತಾರೆ. ಸುಂಕವ್ವ ಬೆಂಕಿಗೆ ನುಗ್ಗಿದಳು. ಹೆಂಗಸರು ಕೂದಲು ಹಿಡಿದು ಹಿಂದಕ್ಕೆಳೆದರು. ಅವಳ ಎರಡು ಕೈಗಳೂ ಮೊಣಕೈವರೆಗೆ ಸುಟ್ಟವು.

ಬೆಂಕಿ ಆರಿದ ಮೇಲೆ ಗೂಡು ಬಿಚ್ಚಿದರು. ಸುಂಕವ್ವ ನೋಡಿದಳು. ಅಂಚಿನಲ್ಲಿ ಕಪ್ಪು ಇದ್ದಿಲು, ನಡುವೆಲ್ಲ ಹಿಟ್ಟಿನಂಥ ಬಿಳಿ ಬೂದಿ. ದಿಂಡಿಗ ಅಂಥ ಬೂದಿಯಾಗುವುದಿಲ್ಲ. ಅವಳಿಗೆ ಎಲ್ಲ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಹೆಳವ ಎತ್ತಿನ ಹಗ್ಗ ಬಿಚ್ಚುತ್ತಿದ್ದ. ಅವಳು ಎಲ್ಲ ಬಿಟ್ಟು ಅವನ ಹಿಂದೆ ಓಡಿದಳು. "ಹೇಳಿ ಹೋಗೋ ಯಪ್ಪಾ, ಒಂದು ಸರ್ತಿ ನನ್ನ ಮಗನ ಹೆಸರು ಹೇಳಿ ಹೋಗು," ಎಂದಳು. ಸತ್ತವನ ಹೆಸರು ಸೇರಿಸಬೇಕಾದರೆ ಮನೆಯ ಹಿರಿಯನ ಒಪ್ಪಿಗೆ ಬೇಕು ಎಂದ ಬಾಲಪ್ಪ. ಮನೆಯ ಹಿರಿಯ ಯಾರು? ಮಾರೆಪ್ಪ. ಅವನು ಕಣ್ಣೊರೆಸಿಕೊಳ್ಳುತ್ತ ಬಂದು, ಒಪ್ಪಿಗೆ ಇದೆ, ಆದರೆ ಹುಡುಗ ಹೇಗೆ ಸತ್ತನೆಂಬುದೂ ಹೆಸರಿನ ಜೊತೆ ಬರಬೇಕು ಎಂದ. ನಾಳೆ ಲೋಕ ನನ್ನತ್ತ ಬೆರಳು ಮಾಡಬಾರದು, ನಿಲ್ಲೆಂದವರು ಯಾರೆಂದು ಅತ್ತಿಗೆಯೇ ಹಿರಿಯರೆದುರು ಹೇಳಲಿ ಎಂದ. ಬೂರುಗದ ಮಾತೆತ್ತಿದರೆ ಮಗನ ಹೆಸರಿಲ್ಲ. ಮಗನ ಹೆಸರು ಬೇಕಾದರೆ ಬೂರುಗದ ಮಾತಿಲ್ಲ. ಸುಂಕವ್ವ ಸುಟ್ಟ ಕೈಗಳನ್ನು ಮುಂದೆ ಹಿಡಿದುಕೊಂಡು ಬೂದಿಯತ್ತ ನೋಡಿದಳು, ಹೆಳವನತ್ತ ನೋಡಿದಳು. "ನಾನ. ನಾನ ನಿಂದ್ರಂದೆ," ಎಂದಳು. ಅದು ಸುಳ್ಳೂ ಆಗಿರಲಿಲ್ಲ, ಅಯ್ಯೋ!

ಬಾಲಪ್ಪ ಅಲ್ಲೇ ಗಂಟೆ ಬಾರಿಸಿ ಹೇಳಿದ: "ಗಾದೆಪ್ಪನ ಮಗ ಓಬಳ. ಹೆತ್ತಾಕಿ ನಿಂದ್ರಂದಳು, ನಿಂತ, ಬೆಂದ." ವಂಶಾವಳಿಗೆ ಬಿದ್ದ ಮಾತು ಹೆಳವರ ಬಾಯಿಂದ ಬಾಯಿಗೆ ಇಳಿಯುತ್ತದೆ, ಅಳಿಸುವವರಿಲ್ಲ. ಯಾರೂ ಮುಟ್ಟದೆ ದಿಬ್ಬವಾಗಿ ಉಳಿದ ಆ ಗೂಡಿನ ಜಾಗಕ್ಕೂ ಅದೇ ಹೆಸರು ನಿಂತಿತು. ಸುಂಕವ್ವ ಸಾಯಲಿಲ್ಲ. ಮೈದುನನ ಗೂಡುಗಳ ಇದ್ದಿಲ ಪುಡಿ ಜರಡಿ ಹಿಡಿದು, ಸೊಟ್ಟಗಾದ ಕೈಯಲ್ಲೇ ದುಡಿದು, ಮುದುಕಿಯಾಗುವವರೆಗೆ ಬದುಕಿದಳು. ಪ್ರತಿ ವರ್ಷ ಹಿರಿಯರ ಗೂಡಿನ ದಿನ ಎಲ್ಲರಿಗಿಂತ ಮೊದಲು ಬಂದು ಕೂರುವಳು. ಓಬಳ ಎಂಬ ಹೆಸರಿಗೆ ಅವಳ ಮುಖ ಅರಳುತ್ತಿತ್ತು. ಮುಂದಿನ ಮಾತು ಬರುವಷ್ಟರಲ್ಲಿ ಕಿವಿ ಮುಚ್ಚಿಕೊಳ್ಳಲು ಹೋಗುತ್ತಿದ್ದಳು, ಆದರೆ ಆ ಕೈಗಳು ಕಿವಿಯವರೆಗೆ ಏಳುತ್ತಿರಲಿಲ್ಲ.

ಈಗ ಗೂಡುಗಳಿಲ್ಲ. ಮಾರೆಪ್ಪನ ಸಂತತಿಯವರು ಕಾರ್ಖಾನೆಯ ಕಲ್ಲಿದ್ದಲು ಬಯಲಿನಲ್ಲಿ ಸಲಿಕೆ ಹಿಡಿದಿದ್ದಾರೆ; ಒಳ್ಳೆಯ ಜನ, ಬೂರುಗದ ಮಾತು ಅವರಿಗೆ ಗೊತ್ತಿಲ್ಲ. ಹೆಳವರ ಹುಡುಗ ಬೈಕಿನ ಮೇಲೆ ಬಂದು ಅದೇ ಸಾಲು ಹೇಳಿ, ಕಾಳು ತೆಗೆದುಕೊಂಡು ಹೋಗುತ್ತಾನೆ. ದಿಬ್ಬದ ಬುಡದಲ್ಲಿ ಆಳೆತ್ತರಕ್ಕೆ ಬೆಳೆದ ಬೆಣಚುಕಲ್ಲಿನ ರಾಶಿಯನ್ನು ಹೋಗಿ ಬರುವವರೆಲ್ಲ ನೋಡಬಹುದು. ದಾರಿಹೋಕರು ಒಂದೊಂದು ಕಲ್ಲೆತ್ತಿ, ಹೆತ್ತ ಮಗನನ್ನು ಸುಟ್ಟವಳಿಗೆ ಎಂದು ಬೈದು ಎಸೆದು ಹೋಗುತ್ತಾರೆ. ಎಸೆಯದಿದ್ದರೆ ಮಕ್ಕಳಿಗೆ ಕೇಡಂತೆ. ಕಥೆ ಪೂರ್ತಿ ಬಲ್ಲ ಹೆಂಗಸರೂ ಎಸೆಯುತ್ತಾರೆ. ಕಂಕುಳಲ್ಲಿ ಕೂಸಿದ್ದರೆ ಅದರ ಕೈಗೂ ಒಂದು ಹರಳು ಕೊಟ್ಟು, ಎಸಿ ನನ್ನಪ್ಪಾ, ಎಸಿ ಎನ್ನುತ್ತಾರೆ. ಕೂಸು ನಗುತ್ತ ಎಸೆಯುತ್ತದೆ.